ಮಾತು ಬಾರದವಳ ಸಾಕ್ಷ್ಯ

ಮಾತು ಬಾರದ ಹೆಣ್ಣುಮಗಳ ಮೇಲೆ ಅತ್ಯಾಚಾರವೆಸಗುವವನು ಅವಳ ಮೌನವನ್ನೇ ತನ್ನ ರಕ್ಷೆಯೆಂದು ಬಗೆದಿರುತ್ತಾನೆ. ಆದರೆ ಅವಳ ಸನ್ನೆಗೂ ಸಾಕ್ಷ್ಯದ ಬೆಲೆಯುಂಟೆಂದು ನಮ್ಮ ದೇಶದ ಕಾಯಿದೆ ಬಹು ಹಿಂದೆಯೇ ಒಪ್ಪಿದ್ದಿತೆಂಬುದನ್ನು ತಾವು ಬಲ್ಲಿರಾ? 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 119ನೆಯ ಕಲಮಿನಂತೆ, ಮಾತನಾಡಲಾರದ ಸಾಕ್ಷಿಯು ತೆರೆದ ನ್ಯಾಯಾಲಯದಲ್ಲಿ ಬರೆದೋ ಸನ್ನೆ ಮಾಡಿಯೋ ತಿಳಿಸಿದುದನ್ನು ಬಾಯಿಮಾತಿನ ಸಾಕ್ಷ್ಯವೆಂದೇ ಎಣಿಸತಕ್ಕದ್ದು.

ನಿಯಮವೇನೋ ಉದಾರವಾಗಿದ್ದಿತು. ಆದರೆ ಆ ಸನ್ನೆಯನ್ನು ಬಲ್ಲವರಾರು? ಹೆತ್ತ ತಾಯಿಯೊಬ್ಬಳೇ ಬಲ್ಲಳೆಂಬ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ಠಾಣೆಯಲ್ಲಿ ದೂರು ಬರೆದುಕೊಳ್ಳುವಾಗಲೇ ಅದರ ಅರ್ಥ ಹೇಳುವವರಿಲ್ಲದಿದ್ದರೆ ಮೊಕದ್ದಮೆಯು ನ್ಯಾಯಾಲಯದ ಮೆಟ್ಟಿಲೇರುವುದಾದರೂ ಎಂತು?

ಈ ಕೊರತೆ ನೀಗಲು 141 ವರ್ಷಗಳು ಹಿಡಿದವು. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರಕೃತ್ಯದ ಬಳಿಕ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು ವರದಿಯಿತ್ತಿತು. 2013ರ ತಿದ್ದುಪಡಿಯಂತೆ, ಲೈಂಗಿಕ ಅಪರಾಧಕ್ಕೆ ಗುರಿಯಾದ ಅಂಗವಿಕಲ ಮಹಿಳೆಯ ದೂರನ್ನು ಪೊಲೀಸರೇ ಅವಳ ಮನೆಗೆ, ಇಲ್ಲವೆ ಅವಳು ಬಯಸಿದ ಸ್ಥಳಕ್ಕೆ ಹೋಗಿ, ದುಭಾಷಿಯ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ ಬರೆದುಕೊಳ್ಳಬೇಕಾಯಿತು.

2021ರಲ್ಲಿ ಆಂಧ್ರಪ್ರದೇಶದ ಮೊಕದ್ದಮೆಯೊಂದರಲ್ಲಿ, ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಯುವತಿಯು ದನಿಯಿಂದಲೇ ಅಪರಾಧಿಯನ್ನು ಗುರುತಿಸಿದುದನ್ನು ಸರ್ವೋಚ್ಚ ನ್ಯಾಯಾಲಯವು ಮಾನ್ಯ ಮಾಡಿತು. ಅಂಗವಿಕಲೆಯೆಂಬ ಮಾತ್ರಕ್ಕೆ ಸಾಕ್ಷ್ಯವು ದುರ್ಬಲವಾಗದೆಂದೂ ಹೇಳಿತು. 2024ರ ಜುಲೈ 1ರಂದು ಹಳೆಯ ಅಧಿನಿಯಮವು ಹೋಗಿ ಹೊಸದು ಬಂದಿತು. ದುಭಾಷಿಯ ನಿಯಮವು ಹಾಗೆಯೇ ಉಳಿದಿದೆ.