ಹೈದರ್ ಅಲಿಯ ಮುತ್ತಾತ ಎಲ್ಲಿಂದ ಬಂದವರು?

‘ನಮ್ಮ ಹಿರಿಯರು ಮೂಲತಃ ಎಲ್ಲಿಯವರು?’ ಎಂದು ಯಲಹಂಕದ ನಮ್ಮ ಮನೆಗಳಲ್ಲಿ ಮಕ್ಕಳು ಕೇಳಿದರೆ, ಅಜ್ಜಿ ಒಂದು ಊರು ಹೇಳುತ್ತಾರೆ, ದೊಡ್ಡಪ್ಪ ಇನ್ನೊಂದು ಹೇಳುತ್ತಾರೆ. ಇದಕ್ಕೆ ಸಂಕೋಚಪಡಬೇಕಾಗಿಲ್ಲ. ಮೈಸೂರನ್ನು ಆಳಿದ ನವಾಬ್ ಹೈದರ್ ಅಲಿಯವರ ಮನೆತನದ ಕಥೆಯೂ ಹೀಗೆಯೇ ಇದೆ.

ಹೈದರ್ ಮತ್ತು ಟಿಪ್ಪು ಇಬ್ಬರ ಸೇವೆಯಲ್ಲಿಯೂ ಇದ್ದ ಕಿರ್ಮಾನಿಯವರು ಪರ್ಷಿಯನ್ ಭಾಷೆಯಲ್ಲಿ ಬರೆದ ‘ನಿಶಾನ್-ಎ-ಹೈದರಿ’ಯ ಪ್ರಕಾರ ಹೈದರರ ಮುತ್ತಾತನ ಹೆಸರು ವಲಿ ಮುಹಮ್ಮದ್, ದೆಹಲಿಯಿಂದ ಗುಲ್ಬರ್ಗಕ್ಕೆ ಬಂದವರು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ಇತಿಹಾಸದಲ್ಲಾದರೋ ಆ ಹೆಸರು ಮುಹಮ್ಮದ್ ಬಹಲೋಲ್. ಬಂದದ್ದು ಪಂಜಾಬಿನಿಂದ, ನೆಲೆಸಿದ್ದು ಗುಲ್ಬರ್ಗ ಸೀಮೆಯ ಆಳಂದದಲ್ಲಿ.

ಯಾವುದನ್ನು ನಂಬುವುದು? ಆ ಹಿರಿಯರು ಬಂದು ನೂರು ವರ್ಷಗಳ ಮೇಲೆ ಬರೆದ ಪುಸ್ತಕಗಳಿವು. ಕಿರ್ಮಾನಿ ಆ ಮನೆಯ ಅನ್ನ ಉಂಡವರು. ವಿಲ್ಕ್ಸ್ ಆ ಮನೆಯನ್ನು ಸೋಲಿಸಿದವರ ಕಡೆಯವರು. ಆದುದರಿಂದ ಇಬ್ಬರೂ ಒಪ್ಪುವ ಮಾತನ್ನು ಮೊದಲು ಹಿಡಿಯಬೇಕು. ಮುತ್ತಾತ ಉತ್ತರದಿಂದ ಬಂದು ಗುಲ್ಬರ್ಗ ಸೀಮೆಯಲ್ಲಿ ನಿಂತರು; ಅಜ್ಜ ಮುಹಮ್ಮದ್ ಅಲಿ ಕೋಲಾರಕ್ಕೆ ಬಂದರು. ತಂದೆ ಫತೇ ಮುಹಮ್ಮದರ ಗೋರಿ ಇಂದಿಗೂ ಕೋಲಾರದಲ್ಲಿದೆ. ಹೈದರ್ ಹುಟ್ಟಿದ್ದು ಅದೇ ಜಿಲ್ಲೆಯ ಬೂದಿಕೋಟೆಯಲ್ಲಿ.

ವಿದ್ಯಾರ್ಥಿಗಳೇ, ಅರಮನೆಯಲ್ಲಿ ಬರಹಗಾರರನ್ನು ಇಟ್ಟುಕೊಂಡಿದ್ದ ಮನೆತನದ ಗತಿಯೇ ಇದಾದರೆ ನಮ್ಮ ಮಾತೇನು? ಮನೆಯ ಹಿರಿಯರು ಇರುವಾಗಲೇ ಕೇಳಿ, ಹೇಳಿದವರ ಹೆಸರು ಮತ್ತು ದಿನಾಂಕದೊಂದಿಗೆ ಬರೆದಿಡಿ. ಎರಡು ಉತ್ತರ ಬಂದರೆ ಎರಡನ್ನೂ ಬರೆಯಿರಿ. ಹಳೆಯ ಮನೆಪತ್ರ, ನಿಕಾಹ್‌ನಾಮೆ, ಗೋರಿಕಲ್ಲುಗಳೊಂದಿಗೆ ಹೋಲಿಸಿ ನೋಡಿ. ದೊಡ್ಡ ವಂಶದವರೆಂದು ಹೇಳಿಕೊಳ್ಳುವುದಕ್ಕಿಂತ, ಇದ್ದುದನ್ನು ಇದ್ದಂತೆ ಬರೆದಿಡುವುದೇ ಹಿರಿಯರಿಗೆ ನಾವು ಸಲ್ಲಿಸುವ ನಿಜವಾದ ಗೌರವ.