ಹಲ್ಲು ಬೆಳ್ಳಗಾಗಬೇಕೆ? ಮನೆಯಲ್ಲೋ, ಡಾಕ್ಟರ್ ಹತ್ತಿರವೋ: ಮೊದಲು ಕಲೆ ಯಾವುದೆಂದು ನೋಡಿ

ಬೆಳಗಾವಿ/ಖಾನಾಪುರ: ಮದುವೆ ಸೀಜನ್ ಬಂತೆಂದರೆ ಮೆಡಿಕಲ್ ಅಂಗಡಿಗಳಲ್ಲಿ ಕೇಳಿಬರುವ ಮಾತು, ‘ಹಲ್ಲು ಬೆಳ್ಳಗ ಆಗಾಕ ಏನರ ಐತೇನ್ರಿ?’ ಚಾರ್ಕೋಲ್ ಪೇಸ್ಟ್, ಪುಡಿ, ಸ್ಟ್ರಿಪ್ ಎಲ್ಲವೂ ಸಿಗುತ್ತವೆ. ಆದರೆ ಹಲ್ಲಿನ ಬಣ್ಣ ಕೆಡಲು ಕಾರಣ ಒಂದೇ ಅಲ್ಲ. ಕಾರಣ ತಿಳಿಯದೆ ಖರ್ಚು ಮಾಡಿದರೆ ದುಡ್ಡೂ ಹೋಗುತ್ತದೆ, ಹಲ್ಲೂ ಸವೆಯುತ್ತದೆ.

ಕಲೆಗಳಲ್ಲಿ ಬಗೆ

• ಮೇಲಿನ ಕಲೆ: ಚಹಾ, ಎಲೆ-ಅಡಿಕೆ, ಗುಟ್ಕಾ, ಮಶೇರಿಯಿಂದ ಆಗುವಂಥದ್ದು. ಹುರಿದ ತಂಬಾಕಿನ ಪುಡಿಯಾದ ಮಶೇರಿಯನ್ನು ಹಲ್ಲಿಗೆ ತಿಕ್ಕುವ ರೂಢಿ ಗಡಿಭಾಗದ ಹಿರಿಯ ಹೆಣ್ಣುಮಕ್ಕಳಲ್ಲಿ ಇನ್ನೂ ಇದೆ. ಇಂಥ ಕಲೆಗೆ ಬ್ಲೀಚಿಂಗ್ ಬೇಕೆಂದೇನಿಲ್ಲ. ದಂತವೈದ್ಯರು ಮಾಡುವ ಸ್ಕೇಲಿಂಗ್, ಅಂದರೆ ಹಲ್ಲಿನ ಸ್ವಚ್ಛತೆಯೇ ಬಹಳ ಮಟ್ಟಿಗೆ ಸಾಕು.

• ವಯಸ್ಸಿನ ಹಳದಿ: ಮೇಲಿನ ಎನಾಮಲ್ ಪದರ ತೆಳುವಾಗಿ ಒಳಗಿನ ಹಳದಿ ಭಾಗ ಕಾಣತೊಡಗುತ್ತದೆ. ಬ್ಲೀಚಿಂಗ್ ಚೆನ್ನಾಗಿ ಹಿಡಿಯುವುದು ಇದಕ್ಕೇ.

• ಒಳಗಿನ ಕಲೆ: ಫ್ಲೋರೈಡ್ ಹೆಚ್ಚಿರುವ ನೀರಿನಿಂದ ಬಂದ ಕಂದು ಮಚ್ಚೆ, ಚಿಕ್ಕಂದಿನಲ್ಲಿ ತೆಗೆದುಕೊಂಡ ಟೆಟ್ರಾಸೈಕ್ಲಿನ್ ಮಾತ್ರೆಯಿಂದಾದ ಬೂದು ಬಣ್ಣ. ಇವು ಸುಲಭಕ್ಕೆ ಹೋಗುವುದಿಲ್ಲ.

• ಒಂದೇ ಹಲ್ಲು ಕಪ್ಪಾಗಿದ್ದರೆ: ಹಿಂದೆಂದೋ ಪೆಟ್ಟು ಬಿದ್ದು ಒಳಗಿನ ನರ ಸತ್ತಿರಬಹುದು. ಬಣ್ಣಕ್ಕಿಂತ ಮೊದಲು ಆ ಹಲ್ಲಿಗೆ ಚಿಕಿತ್ಸೆ ಬೇಕು.

ಹಾಕಿಸಿಕೊಂಡ ಕ್ಯಾಪ್, ತುಂಬಿಸಿದ ಸಿಮೆಂಟಿನ ಬಣ್ಣ ಯಾವ ವಿಧಾನದಿಂದಲೂ ಬದಲಾಗುವುದಿಲ್ಲ.

ಮನೆಯಲ್ಲಿ ಮಾಡಿಕೊಂಡರೆ

ನಿಂಬೆರಸ, ಸೋಡಾಪುಡಿ, ಉಪ್ಪು, ಇದ್ದಿಲು: ಇವು ಅಡುಗೆಮನೆಯ ಉಪಾಯಗಳು. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ನಿಂಬೆರಸದ ಪಿಎಚ್ 2ರಿಂದ 3ರ ಆಸುಪಾಸು. ಇದ್ದಿಲು, ಉಪ್ಪು ಹಲ್ಲನ್ನು ಉಜ್ಜಿ ಸವೆಸುತ್ತವೆ. ಒಮ್ಮೆ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ನಾಲ್ಕು ದಿನ ಹೊಳೆದ ಹಲ್ಲು ಆಮೇಲೆ ಇನ್ನಷ್ಟು ಹಳದಿಯಾಗಿ, ತಣ್ಣೀರಿಗೂ ಜುಂ ಅನ್ನುತ್ತದೆ.

ಸರಿಯಾದ ಮನೆ ವಿಧಾನ ಬೇರೆಯೇ ಇದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆದು ತೆಳುವಾದ ಟ್ರೇ ಮಾಡಿಕೊಡುತ್ತಾರೆ. ಅದರೊಳಗೆ ಜೆಲ್ ಹಾಕಿ ರಾತ್ರಿ ಧರಿಸಬೇಕು. ಸಾಮಾನ್ಯವಾಗಿ ಬಳಸುವುದು ಶೇ 10ರ ಕಾರ್ಬಮೈಡ್ ಪೆರಾಕ್ಸೈಡ್. ಇದು ಸುಮಾರು ಶೇ 3.5ರ ಹೈಡ್ರೋಜನ್ ಪೆರಾಕ್ಸೈಡ್‌ಗೆ ಸಮ. 1989ರಲ್ಲಿ ಅಮೆರಿಕದ ಹೇವುಡ್ ಮತ್ತು ಹೇಮನ್ ಈ ವಿಧಾನವನ್ನು ಪ್ರಕಟಿಸಿದರು. ಫಲ ಕಾಣಲು ಎರಡು ವಾರ ಅಥವಾ ಹೆಚ್ಚು ಬೇಕು. ಜೆಲ್ ಸೌಮ್ಯವಾಗಿರುವುದರಿಂದ ಜುಮುಗುಡುವಿಕೆ ಕಡಿಮೆ.

ಕ್ಲಿನಿಕ್‌ನಲ್ಲಿ ಮಾಡಿಸಿದರೆ

ಇಲ್ಲಿ ಜೆಲ್ ಬಲು ಖಾರ: ಶೇ 25ರಿಂದ 40ರ ಹೈಡ್ರೋಜನ್ ಪೆರಾಕ್ಸೈಡ್. ವಸಡು ಸುಡದಂತೆ ಮೊದಲೇ ಅದನ್ನು ಮುಚ್ಚುತ್ತಾರೆ. ಸುಮಾರು ಒಂದು ತಾಸಿನಲ್ಲೇ ವ್ಯತ್ಯಾಸ ಕಾಣುತ್ತದೆ. ಕೆಲವರಿಗೆ ಎರಡು-ಮೂರು ಸಲ ಬೇಕು. ಒಂದೆರಡು ದಿನ ಹಲ್ಲು ಜುಂ ಅನ್ನುವುದು ಸಹಜ. ಈ ಜೆಲ್ ಪಾರ್ಲರ್‌ನಲ್ಲಿ ಹಚ್ಚಿಸಿಕೊಳ್ಳುವಂಥದ್ದಲ್ಲ, ನೋಂದಾಯಿತ ದಂತವೈದ್ಯರ ಕೈಯಲ್ಲೇ ಆಗಬೇಕು.

ಅಂಗಡಿ ಬಿಟ್ಟು ಬರುವವರ ಲೆಕ್ಕ

ಖಾನಾಪುರದಿಂದ ಬೆಳಗಾವಿ ಸುಮಾರು 26 ಕಿ.ಮೀ. ಮನೆ ವಿಧಾನಕ್ಕೂ ಅಚ್ಚು ಕೊಡಲು, ಟ್ರೇ ಪಡೆಯಲು, ತೋರಿಸಲು ಎರಡು-ಮೂರು ಸಲ ಬರಬೇಕು. ಅವಸರದ ಮದುವೆ ಇದ್ದರೆ ಕ್ಲಿನಿಕ್ ಅನುಕೂಲ. ತಿಂಗಳು ಕಾಯುವ ತಾಳ್ಮೆ ಇದ್ದರೆ ಟ್ರೇ ಸಾಕು. ನಗರದಲ್ಲಿ ಕೆಎಲ್‌ಇ ವಿ.ಕೆ. ದಂತ ವಿಜ್ಞಾನ ಸಂಸ್ಥೆ ಮತ್ತು ಮರಾಠಾ ಮಂಡಳದ ದಂತ ಕಾಲೇಜು ಇವೆ. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಹೆಚ್ಚು. ಎಲ್ಲೇ ಹೋದರೂ ಸ್ಕೇಲಿಂಗ್ ಸೇರಿ ಒಟ್ಟು ಎಷ್ಟೆಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಯಾರಿಗೆ ಬೇಡ?

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ತುಂಬದವರು ಮುಂದೂಡುವುದು ಲೇಸು. ಹುಳುಕು, ವಸಡಿನ ರೋಗ ಇದ್ದವರು ಮೊದಲು ಅದನ್ನು ವಾಸಿ ಮಾಡಿಸಿಕೊಳ್ಳಬೇಕು.

ಬಣ್ಣಕ್ಕಿಂತ ದೊಡ್ಡ ಮಾತು

ತಂಬಾಕು, ಗುಟ್ಕಾ, ಮಶೇರಿ ಬಳಸುವವರು ಹಲ್ಲಿನ ಜತೆ ಬಾಯಿಯನ್ನೂ ತೋರಿಸಬೇಕು. ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಬಾರದಿರುವುದು ಕ್ಯಾನ್ಸರ್‌ನ ಅಥವಾ ಅದರ ಮುನ್ನಿನ ಸೂಚನೆ ಇರಬಹುದು. ಆಗ ಬೆಳ್ಳಗೆ ಮಾಡಿಸುವ ವಿಚಾರ ಬದಿಗಿಟ್ಟು ತಕ್ಷಣ ಪರೀಕ್ಷೆ ಮಾಡಿಸಬೇಕು. ಚಟ ಬಿಡದಿದ್ದರೆ ಮಾಡಿಸಿದ ಬಿಳುಪೂ ಉಳಿಯುವುದಿಲ್ಲ. ಬಿಡಲು ನೆರವು ಬೇಕಾದವರಿಗೆ ಉಚಿತ ರಾಷ್ಟ್ರೀಯ ಸಹಾಯವಾಣಿ: 1800-11-2356.