ಶೆಪರ್ಡ್–ಟೌನರ್ ಕಾಯಿದೆ ಮತ್ತು ತಾಯಿ–ಶಿಶು ಆರೋಗ್ಯ ಅನುದಾನ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಗರ್ಭಿಣಿ, ಬಾಣಂತಿ ಮತ್ತು ಹಸುಗೂಸುಗಳ ಆರೋಗ್ಯಕ್ಕೆಂದೇ ಕೇಂದ್ರ ಸರ್ಕಾರವು ರಾಜ್ಯಗಳಿಗೆ ಹಣ ನೀಡುವ ಪದ್ಧತಿಗೆ 1921ರ ನವೆಂಬರಿನಲ್ಲಿ ಜಾರಿಗೆ ಬಂದ ಶೆಪರ್ಡ್–ಟೌನರ್ ಕಾಯಿದೆಯೇ ಆರಂಭ. ಅದಕ್ಕೆ ಆಧಾರ ಒದಗಿಸಿದ್ದು 1912ರಲ್ಲಿ ಸ್ಥಾಪನೆಯಾದ ಚಿಲ್ಡ್ರನ್ಸ್ ಬ್ಯೂರೊ ಎಂಬ ಕೇಂದ್ರ ಇಲಾಖೆ. ಅದರ ಮೊದಲ ಮುಖ್ಯಸ್ಥೆ ಜೂಲಿಯಾ ಲೇಥ್ರಪ್ ಅವರು ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಗಳ ಊರಾದ ಜಾನ್ಸ್‌ಟೌನಿನಲ್ಲಿ ಕೈಗೊಂಡ ಮನೆಮನೆ ಸಮೀಕ್ಷೆಯಲ್ಲಿ ಶಿಶುಮರಣ ಪ್ರಮಾಣ, ಎಂದರೆ ಸಜೀವವಾಗಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವುಗಳ ಸಂಖ್ಯೆ, 134 ಎಂದು ಕಂಡುಬಂತು. ತಂದೆಯ ಸಂಪಾದನೆ ಕಡಿಮೆಯಾದಷ್ಟೂ ಕೂಸು ಉಳಿಯುವ ಸಂಭವವೂ ಕಡಿಮೆಯಾಗುತ್ತಿದ್ದುದು ಈ ಸಮೀಕ್ಷೆಯ ಅತ್ಯಂತ ಮುಖ್ಯ ಫಲಿತಾಂಶ.

ಮಸೂದೆಯನ್ನು 1918ರಲ್ಲಿ ಮೊದಲು ಮಂಡಿಸಿದವರು ಅಮೆರಿಕದ ಸಂಸತ್ತಿಗೆ ಚುನಾಯಿತರಾದ ಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್. ಆಗ ಅದು ಮುಂದೆ ಸಾಗಲಿಲ್ಲ. 1920ರಲ್ಲಿ ಮಹಿಳೆಯರಿಗೆ ದೇಶದಾದ್ಯಂತ ಮತದಾನದ ಹಕ್ಕು ದೊರೆತ ಮೇಲೆ ಅವರ ಮತವನ್ನು ಲೆಕ್ಕಿಸದೆ ವಿಧಿಯಿಲ್ಲದ ಸದಸ್ಯರು ಮರುವರ್ಷವೇ ಅದನ್ನು ಅಂಗೀಕರಿಸಿದರು. ಪ್ರತಿ ರಾಜ್ಯಕ್ಕೂ ವರ್ಷಕ್ಕೆ 5,000 ಡಾಲರ್ ನೇರವಾಗಿ ಸಲ್ಲುತ್ತಿತ್ತು; ಅದಕ್ಕಿಂತ ಹೆಚ್ಚಿನ ಹಣ ಬೇಕಾದರೆ ರಾಜ್ಯವೂ ಅಷ್ಟೇ ಮೊತ್ತವನ್ನು ತನ್ನ ಬೊಕ್ಕಸದಿಂದ ತೆಗೆದಿಡಬೇಕಿತ್ತು. ಕಟ್ಟಡಕ್ಕಾಗಲಿ, ತಾಯಂದಿರಿಗೆ ನಗದು ಸಹಾಯಧನ ಕೊಡುವುದಕ್ಕಾಗಲಿ ಈ ಹಣವನ್ನು ಬಳಸುವಂತಿರಲಿಲ್ಲ. ಹೀಗಾಗಿ ಅನುದಾನವು ಚಿಕಿತ್ಸೆಗಲ್ಲದೆ ತಿಳಿವಳಿಕೆಗೆ ಹರಿಯಿತು: ದಾದಿಯರು ಹಳ್ಳಿಗಾಡಿನ ಮನೆಗಳಿಗೆ ಹೋಗಿ ಬಸುರಿಯರಿಗೂ ಎಳೆಗೂಸಿನ ತಾಯಂದಿರಿಗೂ ಸಲಹೆ ನೀಡಿದರು, ದಕ್ಷಿಣದ ರಾಜ್ಯಗಳಲ್ಲಿ ಬಹುತೇಕ ಕಪ್ಪು ಜನಾಂಗದವರೇ ಆಗಿದ್ದ ಸೂಲಗಿತ್ತಿಯರಿಗೆ ತರಬೇತಿ ದೊರೆಯಿತು, ಸುಮಾರು 3,000 ಪ್ರಸವಪೂರ್ವ ಆರೈಕೆ ಕೇಂದ್ರಗಳು ತೆರೆದವು. ಬಡತನವೇ ಮುಖ್ಯ ಕಾರಣವೆಂದು ಜಾನ್ಸ್‌ಟೌನ್ ತೋರಿಸಿಕೊಟ್ಟಿದ್ದರೂ ಬಡತನವನ್ನು ಮುಟ್ಟಲು ಕಾಯಿದೆಗೆ ಅವಕಾಶವಿರಲಿಲ್ಲವೆಂಬುದು ಅದರ ದೊಡ್ಡ ಕೊರತೆ. ಆದರೂ ವೈದ್ಯರ ಮುಖವನ್ನೇ ಕಾಣದ ಎಷ್ಟೋ ಮನೆಗಳಿಗೆ ಅದು ಒಬ್ಬ ದಾದಿಯನ್ನಾದರೂ ಕಳುಹಿಸಿತು.

ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಮತ್ತು ಇಲಿನಾಯ್ ರಾಜ್ಯಗಳು ಕೊನೆಯವರೆಗೂ ಈ ಅನುದಾನವನ್ನು ಸ್ವೀಕರಿಸಲಿಲ್ಲ. ರಾಜ್ಯಗಳ ಅಧಿಕಾರದಲ್ಲಿ ಇದು ಹಸ್ತಕ್ಷೇಪವೆಂದು ಮ್ಯಾಸಚೂಸೆಟ್ಸ್ ಹೂಡಿದ ದಾವೆಯನ್ನು ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತಳ್ಳಿಹಾಕಿತು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ವಿರೋಧವಾದರೋ ಕಡೆಯವರೆಗೂ ಕುಗ್ಗಲಿಲ್ಲ. 1927ರಲ್ಲಿ ಎರಡು ವರ್ಷಗಳ ಮಟ್ಟಿಗೆ ಮಾತ್ರ ಮುಂದುವರಿದ ಯೋಜನೆ 1929ರ ಜೂನ್‌ನಲ್ಲಿ ನಿಂತುಹೋಯಿತು.

ಮಹಾ ಆರ್ಥಿಕ ಕುಸಿತದ ನಡುವೆ, 1935ರ ಸಾಮಾಜಿಕ ಭದ್ರತಾ ಕಾಯಿದೆಯ ಐದನೆಯ ಅಧ್ಯಾಯವಾಗಿ, ಇದೇ ಅನುದಾನ ಮತ್ತೆ ಜೀವ ಪಡೆಯಿತು. 1981ರಲ್ಲಿ ಅದನ್ನು ಇತರ ಕೆಲವು ಯೋಜನೆಗಳೊಡನೆ ಸೇರಿಸಿ, ಬಳಕೆಯ ವಿವರವನ್ನು ಬಹುಮಟ್ಟಿಗೆ ರಾಜ್ಯಗಳಿಗೇ ಬಿಡುವ ಒಟ್ಟು ಅನುದಾನವನ್ನಾಗಿ ಮಾಡಲಾಯಿತು. ರಾಜ್ಯಗಳನ್ನು ದಾಟಿ, ಶಿಶುಮರಣ ತೀರ ಹೆಚ್ಚಿದ್ದ ಊರು–ಕೇರಿಗಳ ಸಮುದಾಯಗಳಿಗೇ ಹಣ ನೀಡಿದ್ದು 1991ರ ಹೆಲ್ತಿ ಸ್ಟಾರ್ಟ್ ಯೋಜನೆ. ಅದು 15 ಸಮುದಾಯಗಳಲ್ಲಿ ಆರಂಭವಾಯಿತು.